ಬಿಳಿ ತಟ್ಟೆಯ ಬೂದು, ಕಪ್ಪು ತಟ್ಟೆಯ ಬೂದು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವನಿಗೆ ‘ತಕ್ಕಡಿಕಣ್ಣ’ ಎಂದೇ ಹೆಸರು. ತೊಟ್ಟಿಯಿಂದ ಬಂದ ಬಟ್ಟೆಯ ಬಣ್ಣ ಮಾದರಿ ತುಂಡಿಗೆ ಹೊಂದಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದೊಂದನ್ನೇ ಮಾಡಿದ್ದ. ಬೇರೇನೂ ಬರುತ್ತಿರಲಿಲ್ಲ, ಮನೆಯಲ್ಲಿ ಎದುರಿಗೇ ಹಾಲು ಉಕ್ಕಿದರೂ ಆ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ‘ಗುಲಗಂಜಿಯಷ್ಟು ಕೆಂಪು ಜಾಸ್ತಿ’ ಎಂದು ಅವನು ಮೂಗು ಮುರಿದರೆ ಸಾಕು, ಇಡೀ ತೊಟ್ಟಿಯ ಬಟ್ಟೆ ವಾಪಸು. ಬಣ್ಣ ಹಾಕುವವರು ಅವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡುತ್ತಿದ್ದರು.

ಹೆಂಡತಿಯ ತಮ್ಮನನ್ನು ಅಲ್ಲಿಗೆ ಸೇರಿಸಿದವನೂ ಅವನೇ. ವಿದ್ಯೆಯನ್ನೂ ಬಚ್ಚಿಡದೆ ಕೊಟ್ಟಿದ್ದ.

“ಎರಡೂ ತುಂಡನ್ನ ಬೂದು ಹಲಗೆ ಮೇಲೆ ಅಂಚಿಗೆ ಅಂಚು ತಾಗಿಸಿ ಇಡಬೇಕು ಕಣೋ. ಬಿಳಿ ಮೇಲಿಟ್ರೆ ಗಾಢ ಅನ್ಸುತ್ತೆ, ಕಪ್ಪು ಮೇಲಿಟ್ರೆ ತಿಳಿ ಅನ್ಸುತ್ತೆ. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ.”

ಭಾಮೈದ ಕೇಳಲಿಲ್ಲ. ನೆನಪಿಟ್ಟುಕೊಂಡ.

ಬಣ್ಣ ಅಳೆಯುವ ಯಂತ್ರ ಬಂದಾಗ ಅದನ್ನು ನಡೆಸಲು ಕಲಿತವನು ಭಾಮೈದನೇ. ಯಂತ್ರವೋ ಕಣ್ಣೋ, ಒಂದನ್ನು ಉಳಿಸಿಕೊಳ್ಳುತ್ತೇನೆ ಎಂದರು ಯಜಮಾನರು. ಪರೀಕ್ಷೆಗೆ ಎಲ್ಲರೂ ನೆರೆದರು. ಭಾಮೈದ ಒಂದು ಬೂದು ತುಂಡನ್ನು ಬಿಳಿ ತಟ್ಟೆಯಲ್ಲಿ, ಇನ್ನೊಂದನ್ನು ಕಪ್ಪು ತಟ್ಟೆಯಲ್ಲಿ ಇಟ್ಟ.

“ಹಲಗೆ ತಂದ್ಕೊಡ್ಲಾ ಭಾವ? ಹತ್ರ ಬಂದು ನೋಡಿ. ವಯಸ್ಸಾಯ್ತಲ್ಲ.”

ಹಲಗೆ ಕೇಳಿದ್ದರೆ ಗೆದ್ದಿದ್ದ. ಆದರೆ ಹತ್ತು ಜನರ ಮುಂದೆ ಜಂಬ ಎಂಬುದು ನಮ್ಮನಿಮ್ಮೆಲ್ಲರನ್ನೂ ಕುಣಿಸುವಂಥದ್ದು. ತಕ್ಕಡಿಕಣ್ಣ ಬಾಗಿಲಲ್ಲೇ ನಿಂತು ಕೈ ಹಿಂದೆ ಕಟ್ಟಿಕೊಂಡ.

“ಹಲಗೆ ನಿಮ್ಮಪ್ಪಂಗೆ ಕೊಡು,” ಎಂದ, ಅವರಪ್ಪ ತನಗೆ ಮಾವ ಎಂಬುದನ್ನೂ ಮರೆತು. “ಬಿಳಿ ತಟ್ಟೇದು ಗಾಢ. ಕಣ್ಣಿದ್ದವ್ರಿಗೆ ಕಾಣುತ್ತೆ.”

ಎಲ್ಲರಿಗೂ ಹಾಗೇ ಕಾಣುತ್ತಿತ್ತು, ಎಲ್ಲರೂ ತಲೆಯಾಡಿಸಿದರು. ಭಾಮೈದ ಎರಡನ್ನೂ ಎತ್ತಿ ಅಂಚಿಗೆ ಅಂಚು ಕೂಡಿಸಿದ. ಒಂದೇ ಬಟ್ಟೆ, ಕತ್ತರಿಯಲ್ಲಿ ಎರಡು ಮಾಡಿದ್ದು. ತಲೆಯಾಡಿಸಿದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಯಜಮಾನರು ನಗಲಿಲ್ಲ. “ಕಣ್ಣು ತೋರಿಸ್ಕೊಂಡು ಬನ್ನಿ. ದೋಷ ಇದೆ ಅಂತ ಡಾಕ್ಟ್ರು ಬರೆದ್ರೆ, ಇಲ್ಲಿ ದುಡಿದೇ ಕೆಟ್ಟಿತು ಅಂತ ಗೋದಾಮಲ್ಲಿ ಎಲ್ಲಾದ್ರೂ ಕೂರಿಸ್ತೀನಿ. ಇಲ್ದಿದ್ರೆ ನನ್ನ ಕೈಲಾಗಲ್ಲ.”

ಕಣ್ಣಿಗೆ ಪೊರೆಯಾದರೂ ಬಂದಿರಲಿ ಎಂದು ಹಾರೈಸುತ್ತ ಆಸ್ಪತ್ರೆಗೆ ಹೋದ ರೋಗಿ ಬಹುಶಃ ಅವನೊಬ್ಬನೇ. ಡಾಕ್ಟರಮ್ಮ ದೀಪ ಹಾಕಿ ನೋಡಿ, ಅಕ್ಷರ ಓದಿಸಿ, ಅವನ ಕಥೆಯನ್ನೂ ಕೇಳಿದರು.

“ಕಣ್ಣಿನ ಹಿಂದಿನ ಪರದೇಲಿ ಬೆಳಕು ಹಿಡಿಯೋ ಜೀವಕಣಗಳಿವೆ. ಅವುಗಳ ನಡುವೆ ಅಡ್ಡಡ್ಡ ಹಬ್ಬಿರೋ ಕಣಗಳು ಬೇರೆ. ಅಕ್ಕಪಕ್ಕ ಬೆಳಕು ಜಾಸ್ತಿ ಬಿದ್ರೆ ಇವು ಸುಮ್ನಿರಲ್ಲ, ನಡುವಿನ ಕಣವನ್ನ ‘ನೀನು ತಗ್ಗು’ ಅಂತ ಅದುಮುತ್ವೆ.”

“ಥೇಟ್ ನೆಂಟರ ಹಾಗೆ,” ಎಂದ.

“ಹಾಗೇ ಅಂದ್ಕೊಳ್ಳಿ. ಅದಕ್ಕೇ ಬಿಳಿ ನಡುವಿನ ಬೂದು ಗಾಢವಾಗಿ ಕಾಣೋದು. ಅದಕ್ಕೇ ವಸ್ತುಗಳ ಅಂಚು ಎದ್ದು ಕಾಣೋದು.”

“ಅದನ್ನೇ ದೋಷ ಅಂತ ಬರೀರಿ ಅಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ.”

“ದೋಷ ಎಲ್ಲಿದೆ? ಹಾಗೆ ಕಾಣದಿದ್ರೆ ದೋಷ!” ಎಂದು ನಕ್ಕು, ಉಪಕಾರ ಮಾಡುವ ಹುರುಪಿನಲ್ಲಿ ‘ಕಣ್ಣು ಅತ್ಯುತ್ತಮ’ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದರು.

ಯಜಮಾನರು ಚೀಟಿಯನ್ನು ಎರಡು ಸಲ ಓದಿದರು.

“ಎಲ್ಲರ ಕಣ್ಣಿಗೂ ಹಾಗೇ ಕಾಣೋದಂತೆ ಸ್ವಾಮಿ,” ಎಂದ ಅವನು.

“ಎಲ್ಲರದ್ದೂ ಒಂದೇ ಅಂದ್ಮೇಲೆ ನಿಮ್ಮ ಕಣ್ಣು ನಂಗ್ಯಾಕೆ?”

ಭಾಮೈದ ಆಗಲೇ ಭಾವನ ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆದುಕೊಂಡಿದ್ದ. ತಲೆ ಎತ್ತದೆ ಹೇಳಿದ:

“ಭಾವ, ಹೋಗ್ತಾ ಬಾಗಿಲು ಹಾಕ್ಕೊಂಡ್ಹೋಗಿ. ಹೊರಗಿನ ಬೆಳಕು ಬಿದ್ರೆ ಇದು ತಪ್ಪು ಹೇಳುತ್ತೆ.”

ಅವನು ಸದ್ದಾಗದಂತೆ ಹಾಕಿಕೊಂಡು ಹೋದ.