ರಾಮದುರ್ಗದ ಕೆಂಪು ಬೇಸ್

ಬೈಲಹೊಂಗಲದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹೊಳೆ ದಂಡೆಯ ಪಂಪ್‌ಸೆಟ್ ಸುಟ್ಟರೂ ಹಿಟ್ಟಿನ ಗಿರಣಿಯ ಮೋಟಾರ್ ಕೆಟ್ಟರೂ ನನ್ನ ಬಾಗಿಲಿಗೆ ಬರುತ್ತವೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಡುವುದು ನನ್ನ ಕಸುಬು. ಇಂಥವನಿಗೆ ಹಳೆಯ ಬೇಸ್ ಗಿಟಾರಿನ ಗೀಳು ಎಲ್ಲಿಂದ ಹತ್ತಿತು ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಪ್ರಾಯದಲ್ಲಿ ಐದು ವರ್ಷ ಮದುವೆಗಳ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದ್ದೆ. ಡ್ರಮ್ಮಿನ ಪಕ್ಕ, ದೀಪ ಬೀಳದ ಜಾಗದಲ್ಲಿ ನಿಂತು ನಾಲ್ಕು ದಪ್ಪ ತಂತಿ ಮೀಟುವ ಕೆಲಸ. ಹಾಡುವವನಿಗೆ ಹಾರ ಹಾಕುತ್ತಿದ್ದರು, ನನಗೆ ಊಟಕ್ಕೆ ಕರೆಯುವುದನ್ನೂ ಮರೆಯುತ್ತಿದ್ದರು. ಆದರೂ ಆ ಸದ್ದು ಮೈಯಿಂದ ಹೋಗಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿಸಿದರೆ ನಮ್ಮಂಥವರು ಹತ್ತು ಹನ್ನೆರಡು ಮಂದಿ ಸಿಗುತ್ತಾರೆ. ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಯಾರ ಅಟ್ಟದ ಮೇಲೆ ಹಳೆಯ ಬೇಸ್ ಸಿಕ್ಕಿತು, ಯಾರು ಯಾವುದನ್ನು ಕೊಡುತ್ತಾರೆ, ಬದಲಿಗೆ ಏನು ಕೇಳುತ್ತಾರೆ, ಬೆಳಗಿನಿಂದ ಇದೇ ಮಾತು. ಈ ಜನರಿಗೆ ಹೆಂಡತಿ ಮಕ್ಕಳ ಹುಟ್ಟಿದ ದಿನ ನೆನಪಿರುವುದಿಲ್ಲ, ಯಾವ ವರ್ಷದ ಬೇಸ್ ಗಿಟಾರಿಗೆ ಎಂಥ ಸ್ಕ್ರೂ ಇತ್ತು ಎಂಬುದು ಮಾತ್ರ ಬಾಯಿಪಾಠ. ತೋಳು ತಿಕ್ಕಿ ಬಣ್ಣ ಹೋದ ಜಾಗ ಕಂಡರೆ ಸವರಿ ಕಣ್ಣು ಮುಚ್ಚುತ್ತಾರೆ. ಅದೇ ಗೀರು ಅವರ ಬೈಕಿನ ಮೇಲೆ ಕಂಡರೆ ಮನೆಮಂದಿಗೆಲ್ಲ ಬೈಗುಳ. ನಾನೂ ಅವರಲ್ಲೊಬ್ಬ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ನಮ್ಮಲ್ಲಿ ಮಾರುವುದಕ್ಕಿಂತ ಅದಲುಬದಲೇ ಹೆಚ್ಚು. ಅದಕ್ಕೊಂದು ಪದ್ಧತಿ ಇದೆ. ಇಬ್ಬರೂ ತಮ್ಮ ತಮ್ಮ ಬೇಸನ್ನು ಮೇಜಿನ ಮೇಲೆ ಇಡಬೇಕು. ಎರಡರ ಮೇಲೂ ಆಸೆ ಇಲ್ಲದ ಮೂರನೆಯವನೊಬ್ಬ ಎಲ್ಲರೆದುರು ಬೇಸಿನ ಮೇಲಿನ ಫಲಕ ಬಿಚ್ಚಿ ಒಳಗೆ ನೋಡಬೇಕು. ವೈರು, ಬೆಸುಗೆ, ಗುಂಡಿ ಎಲ್ಲ ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಒರಿಜಿನಲ್ ಎನ್ನಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು. ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ. ಎಂಟು ವರ್ಷ ಆ ಮೂರನೆಯವನು ನಾನಾಗಿದ್ದೆ.

ಅದು ಶುರುವಾದದ್ದು ರಾಮದುರ್ಗದ ಒಬ್ಬ ಹಿರಿಯರಿಂದ. ಅವರೂ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿ ಮುದುಕರಾದವರು, ನಾನು ಕಾಕಾ ಎನ್ನುತ್ತಿದ್ದೆ. ಒಂದು ಬೇಸಿಗೆಯಲ್ಲಿ ಕೌದಿಯಲ್ಲಿ ಸುತ್ತಿದ ಕೆಂಪು ಬೇಸ್ ಹೊತ್ತುಕೊಂಡು ಅಂಗಡಿಗೆ ಬಂದರು. ಜಪಾನಿನದು, ಗೋವಾದಲ್ಲಿ ಹಡಗಿನ ಕೆಲಸದವನೊಬ್ಬನ ಕಡೆಯಿಂದ ಕೊಂಡದ್ದಂತೆ. ಬಣ್ಣ ಮಾಸಿ ಇಟ್ಟಿಗೆಯ ಹಾಗಾಗಿತ್ತು. ಸದ್ದು ಪೂರ್ತಿ ನಿಂತುಹೋಗಿತ್ತು.

‘ನಮ್ಮ ಕಡೆ ಯಾರಿಗೂ ಇದರ ಗೊಡವಿ ಇಲ್ಲೋ ತಮ್ಮಾ. ನೀ ಮೋಟಾರ್ ಸುತ್ತಾಂವ, ಇದನ್ನೂ ಸುತ್ತಿ ಕೊಡು’ ಎಂದರು.

ಕೆಟ್ಟದ್ದು ಪಿಕಪ್. ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಹಿಡಿಯುವ ಭಾಗ ಅದು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ, ಸಾವಿರಾರು ಸುತ್ತು. ನನ್ನ ಅಂಗಡಿಯಲ್ಲಿ ಅಷ್ಟು ತೆಳ್ಳಗಿನ ತಂತಿ ಎಲ್ಲಿಂದ ಬರಬೇಕು? ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ರಿಲೇ, ಕರೆಂಟಿನ ಸ್ವಿಚ್ಚಿನ ಥರದ್ದು, ಒಡೆದು, ಅದರ ಕಾಯಿಲ್ ಬಿಚ್ಚಿ, ಆ ತಂತಿಯನ್ನೇ ಸುತ್ತಿದೆ. ಸುತ್ತು ಎಣಿಸುವ ಯಂತ್ರದ ಮುಳ್ಳು ಆಗ ಹಾರಿ ಹಾರಿ ಓಡುತ್ತಿತ್ತು, ಅಂದಾಜಿನ ಮೇಲೆ ನಿಲ್ಲಿಸಿದೆ. ಮೋಟಾರಿಗೆ ಮಾಡುವ ಹಾಗೆ ಕಾಟನ್ ಟೇಪ್ ಸುತ್ತಿ ವಾರ್ನಿಷಿನಲ್ಲಿ ಅದ್ದಿದೆ. ಪಿಕಪ್ಪಿಗೆ ಹಾಗೆಲ್ಲ ಮಾಡಬಾರದು ಎಂದು ಆಗ ನನಗೆ ಗೊತ್ತಿರಲಿಲ್ಲ. ಕೊನೆಗೆ ಕರಿಯ ಕವರನ್ನು ಅಂಟು ಹಾಕಿ ಮೊದಲಿನ ಹಾಗೆ ಮುಚ್ಚಿದೆ.

ಕಾಕಾ ಬಂದು ತಂತಿ ಮೀಟಿದರು. ಸದ್ದು ಕೇಳಿ ಪಕ್ಕದ ಸೈಕಲ್ ಅಂಗಡಿಯವನು ಎದ್ದು ಬಂದ. ಎದುರಿಗೆ ಕೂತು ಒಬ್ಬ ದೊಡ್ಡ ಮನುಷ್ಯ ಮೆಲ್ಲಗೆ ಮಾತಾಡಿದ ಹಾಗಿತ್ತು ಅದು. ಕಾಕಾ ಬಹಳ ಹೊತ್ತು ಅದೊಂದೇ ತಂತಿಯನ್ನು ಮೀಟುತ್ತ ಕೂತರು.

‘ಮೊದಲ ಇದು ಹಿಂಗ ಇರಲಿಲ್ಲೋ’ ಎಂದರು. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು. ಆಗಲೂ ಹಾಗೆ ಅನಿಸಿತು, ಈಗಲೂ ಹಾಗೇ ಅನಿಸುತ್ತದೆ.

ಮರುವರ್ಷ ಕಾಕಾಗೆ ಹೆಗಲು ನೋವು ಜಾಸ್ತಿಯಾಯಿತು. ಕಿತ್ತೂರಿನಲ್ಲಿ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟಿರುವ ನಮ್ಮ ಗುಂಪಿನ ಸಾವ್ಕಾರರ ಹತ್ತಿರ ಒಂದು ಹಗುರ ಬೇಸ್ ಇತ್ತು. ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುವುದೆಂದು ಮಾತಾಯಿತು. ಬಿಚ್ಚಿ ನೋಡುವುದಕ್ಕೆ ಬೈಲಹೊಂಗಲದ ಮಿಸ್ತ್ರಿಯನ್ನು ಕರೆಯಿರಿ ಎಂದು ಕಾಕಾನೇ ಹೇಳಿದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಗುಂಪಿನ ಆರೇಳು ಮಂದಿ ಸುತ್ತ ನಿಂತಿದ್ದರು. ‘ಬರ್ರಿ ಮಿಸ್ತ್ರಿ, ಕುಂತ್ರಿ’ ಎಂದು ಕುರ್ಚಿ ಕೊಟ್ಟರು. ಫಲಕ ಬಿಚ್ಚಿದರೆ ಒಳಗೆ ಕಂಡದ್ದು ನನ್ನದೇ ಬೆಸುಗೆ. ಕಾಕಾ ಹೈವೇಯಲ್ಲಿ ಹೋಗುವ ಲಾರಿ ನೋಡುತ್ತಿದ್ದರು.

‘ಎಲ್ಲಾ ಒರಿಜಿನಲ್ ಐತ್ರಿ’ ಎಂದೆ.

ಕಾಕಾನ ಮರ್ಯಾದೆ ಉಳಿಸಲು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ ಆ ಕುರ್ಚಿ. ನಿಜ ಹೇಳಿದ್ದರೆ ನಾನು ಮೂರನೆಯವನಾಗಿ ಕೂರುವ ಹಾಗೇ ಇರಲಿಲ್ಲ.

ಆಮೇಲೆ ಆ ಬೇಸಿನ ಹೆಸರು ನಾಲ್ಕೂರಿಗೆ ಹಬ್ಬಿತು. ಗುಂಪು ಸೇರಿದಾಗೆಲ್ಲ ಸಾವ್ಕಾರರು ಅದನ್ನು ತರುವರು, ಉಳಿದವರು ತಲೆದೂಗುವರು. ‘ಆಗಿನ ತಾಮ್ರಾನ ಬ್ಯಾರೆ ಬಿಡ್ರಿ’ ಎಂದೊಬ್ಬ, ‘ಈಗಿನ ಮಂದಿಗೆ ಇದು ಆಗೂದ ಇಲ್ಲ’ ಎಂದು ಇನ್ನೊಬ್ಬ. ಈಗಿನ ಮಂದಿಯಾದ ನಾನು ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಒಮ್ಮೆ ಎದೆ ಉಬ್ಬುತ್ತಿತ್ತು, ಮರುಗಳಿಗೆ ಮೈ ಉರಿಯುತ್ತಿತ್ತು. ಯಾರಾದರೂ ಹೊಸಬರು ಅದನ್ನು ಕೇಳಿ ಬಂದರೆ ಮತ್ತೆ ನನ್ನನ್ನೇ ಕರೆಯುತ್ತಿದ್ದರು, ನಾನು ಮತ್ತೆ ಅದೇ ಮಾತು ಹೇಳುತ್ತಿದ್ದೆ. ಒಂದು ಸಲ ಹೇಳಿದ ಸುಳ್ಳಿಗೆ ಪ್ರತಿ ವರ್ಷ ಹೊಸದಾಗಿ ಬಾಯಿ ಕೊಡಬೇಕಾಯಿತು. ಅದೇ ಬಾಯಲ್ಲಿ ಉಳಿದವರ ಬೇಸಿನಲ್ಲಿ ಒಂದು ಗುಂಡಿ ಬದಲಾಗಿದ್ದರೂ ಹಿಡಿದು ಹೇಳುತ್ತಿದ್ದೆ, ಅವರ ಮುಖ ಸಣ್ಣದಾಗುತ್ತಿತ್ತು. ಈ ಕೆಲಸ ಬಿಡುತ್ತೇನೆಂದರೆ ಯಾಕೆಂದು ಕೇಳುತ್ತಾರೆ. ಬಿಡದಿದ್ದರೆ ಆ ಕೆಂಪು ಬೇಸ್ ಮತ್ತೆ ಎದುರಿಗೆ ಬರುತ್ತದೆ. ಎತ್ತ ಹೊರಳಿದರೂ ದಾರಿ ಇರಲಿಲ್ಲ. ಎರಡು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಗೊತ್ತಿದ್ದವರು ಇನ್ನಾರೂ ಉಳಿಯಲಿಲ್ಲವೆಂದು ಮೊದಲು ಹಗುರವೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು.

ಹೋದ ವರ್ಷ ಒಬ್ಬ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಆ ಬೇಸಿನ ಮೇಲೆ ಮನಸ್ಸಿಟ್ಟರು. ಸವದತ್ತಿಯವರು, ಮನೋಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ನಮ್ಮ ಗುಂಪಿನಲ್ಲಿದ್ದ ಒಬ್ಬಳೇ ಹೆಣ್ಣುಮಗಳು, ನುಡಿಸುವುದರಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಅವರ ಹತ್ತಿರ ಕಂದು ಬಣ್ಣದ ಒಂದು ಹಳೆಯ ಬೇಸ್ ಇತ್ತು, ಕಾಲೇಜಿನ ದಿನಗಳಿಂದ ಜೊತೆಗಿದ್ದದ್ದು. ಹಿಂದೊಮ್ಮೆ ಅದನ್ನು ನಾನು ಬಿಚ್ಚಿ ನೋಡಿದ್ದೆ. ಕಾರ್ಖಾನೆಯಲ್ಲಿ ಹಾಕಿದ ಬೆಸುಗೆಯ ಮಿನುಗು ಸಹ ಮಾಸಿರಲಿಲ್ಲ. ನಾಲ್ಕೂರಿನಲ್ಲಿ ನಾನು ಕಂಡ ನಿಜವಾದ ಒರಿಜಿನಲ್ ಅದೊಂದೇ. ಅದನ್ನು ಕೊಟ್ಟು ನನ್ನ ರಿಲೇ ತಂತಿಯನ್ನು ಮನೆಗೆ ಒಯ್ಯುವುದಕ್ಕೆ ಅವರು ಹೊರಟಿದ್ದರು. ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕಿತ್ತೂರಿನ ಟೈರ್ ಅಂಗಡಿಯಲ್ಲಿ ಸೇರಿದೆವು. ಅಂದು ಹುಣ್ಣಿಮೆ, ದೇವಿಯ ಗುಡ್ಡಕ್ಕೆ ಬಂದ ಮಂದಿಯಿಂದ ಸವದತ್ತಿಯ ಬಸ್ಸುಗಳೆಲ್ಲ ತುಂಬಿದ್ದವಂತೆ. ಬಾಯಾರು ಧಾರವಾಡದವರೆಗೆ ಬೇಸನ್ನು ಎದೆಗೆ ಒತ್ತಿಕೊಂಡು ನಿಂತೇ ಬಂದಿದ್ದರು. ಅದರ ಚೀಲದ ಮೇಲೆ ಯಾರದೋ ಭಂಡಾರದ ಅರಿಸಿನ ಹತ್ತಿತ್ತು. ಅದನ್ನು ಸೆರಗಿನಿಂದ ಒರೆಸಿ ಬೇಸನ್ನು ಮೇಜಿನ ಮೇಲೆ ಇಟ್ಟರು. ನಾನು ಕೆಂಪು ಬೇಸಿನ ಫಲಕ ಬಿಚ್ಚಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟೆ.

‘ಇದರ ಪಿಕಪ್ ಒರಿಜಿನಲ್ ಅಲ್ರಿ. ಇದನ್ನ ನಾನ ಸುತ್ತೇನ್ರಿ’ ಎಂದೆ.

ಸಾವ್ಕಾರರು ನಕ್ಕರು. ‘ಮಿಸ್ತ್ರಿ, ನೀವು ಪಂಪ್‌ಸೆಟ್ ಸುತ್ತಾವರು. ಈ ಸೌಂಡ ನಿಮ್ಮ ಕೈಯಾಗ ಬಂತಂದ್ರ ಯಾರ ನಂಬತಾರ್ರಿ?’

‘ಖರೇನ ಹೇಳಾಕ ಹತ್ತೇನ್ರಿ. ಕಾಕಾ ನನ್ನ ಅಂಗಡಿಗೆ ತಂದಿದ್ರು.’

‘ಎಂಟ ವರ್ಷ ಒರಿಜಿನಲ್ ಅಂದವರು ಯಾರ್ರಿ? ಆಗ ಹೇಳಿದ್ದು ಸುಳ್ಳೊ, ಈಗ ಹೇಳೂದು ಸುಳ್ಳೊ?’

‘ಆಗ ಹೇಳಿದ್ದು ಸುಳ್ರಿ’ ಎಂದೆ. ‘ಈ ಕವರ್ ಒಡದು ತೋರಸ್ತೇನ್ರಿ. ಒಳಗ ಮೋಟಾರಿನ ಕಾಟನ್ ಟೇಪ್ ಐತಿ.’

ಕವರಿನ ಮಾತು ಬಂದದ್ದೇ ಸಾವ್ಕಾರರ ನಗು ನಿಂತಿತು. ‘ಒಡದ್ರ ತಂತಿ ಹರದ ಹೋಗತೈತಿ. ಕೈ ತಗೀರಿ ಮೊದಲ’ ಎಂದು ಬೇಸನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವರು ಹೇಳಿದ್ದು ಸುಳ್ಳಲ್ಲ, ಅಂಟು ಹಾಕಿ ಮುಚ್ಚಿದ್ದನ್ನು ಒಡೆದರೆ ತಂತಿ ಉಳಿಯುವ ಭರವಸೆ ಇರಲಿಲ್ಲ. ನನ್ನ ಏಕೈಕ ಸಾಕ್ಷಿ ಆ ಕರಿಯ ಕವರಿನ ಒಳಗಿತ್ತು, ಅದನ್ನು ತೆರೆಯಲು ಯಾರೂ ಬಿಡುವವರಿರಲಿಲ್ಲ.

ಬಾಯಾರು ಸಮಾಧಾನದಿಂದ ಕೇಳಿದರು. ‘ಅಣ್ಣಾರ, ಎಷ್ಟ ಸುತ್ತು ಹಾಕಿದ್ರಿ?’

‘ಎಣಸೋ ಯಂತ್ರ ಕೆಟ್ಟಿತ್ರಿ. ಗೊತ್ತಿಲ್ರಿ.’

‘ಯಾವ ಗೇಜಿನ ತಂತಿ?’

‘ಹಳೇ ರಿಲೇದಾಗಿಂದ್ರಿ. ಅಳತಿ ಮಾಡಿಲ್ರಿ.’

ಹೇಳುತ್ತಿದ್ದಂತೆಯೇ ನನ್ನ ಮಾತು ನನಗೇ ಕಳ್ಳನ ಮಾತಿನ ಹಾಗೆ ಕೇಳಿಸಿತು. ವಿಜ್ಞಾನದ ಟೀಚರು, ಲೆಕ್ಕ ಹೇಳದ ಹುಡುಗರನ್ನು ದಿನಾ ನೋಡುವವರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

‘ನಿಮಗ ಈ ಬೇಸ್ ಮ್ಯಾಲ ಆಸೆ ಇದ್ರ ಬಾಯಿ ಬಿಟ್ಟ ಕೇಳಬೇಕಿತ್ರಿ ಅಣ್ಣಾರ. ಹಿಂಗ ನಡುವ ಕಡ್ಡಿ ಹಾಕಬಾರದಿತ್ತು’ ಎಂದರು.

ನನ್ನ ಮಾತು ಬದಿಗಿಟ್ಟು ಇಬ್ಬರೂ ಅಲ್ಲೇ ಬೇಸುಗಳನ್ನು ಅದಲುಬದಲು ಮಾಡಿಕೊಂಡರು. ಫಲಕವನ್ನು ನಾನೇ ಮುಚ್ಚಿ ಸ್ಕ್ರೂ ಬಿಗಿ ಮಾಡಿಕೊಟ್ಟೆ. ಸುಳ್ಳು ಹೇಳಿದಾಗ ಸಿಕ್ಕಿದ್ದ ಮರ್ಯಾದೆ ನಿಜ ಹೇಳಿದ ಅರ್ಧ ಗಂಟೆಯಲ್ಲಿ ಹೋಯಿತು. ಬಿಚ್ಚಿ ನೋಡುವುದಕ್ಕೆ ಈಗ ರಾಮದುರ್ಗದ ಬೇರೊಬ್ಬರನ್ನು ಕರೆಯುತ್ತಾರೆ. ಬಾಯಾರ ಕಂದು ಬೇಸನ್ನು ಸಾವ್ಕಾರರು ತಿಂಗಳೊಳಗೆ ಪುಣೆಯಿಂದ ಬಂದ ಯಾರಿಗೋ ಕೊಟ್ಟು ಇನ್ನೊಂದು ತೆಗೆದುಕೊಂಡರು. ಅದು ಇನ್ನು ಈ ಕಡೆ ಬರುವುದಿಲ್ಲ.

ಸೋತವನಿಗೆ ಹಟ ಹೆಚ್ಚು. ಅಂಥದೇ ಇನ್ನೊಂದು ಪಿಕಪ್ ಸುತ್ತಿ ಎಲ್ಲರೆದುರು ನುಡಿಸಿ ತೋರಿಸುತ್ತೇನೆಂದು ಹೊರಟೆ. ಗುಜರಿಯಲ್ಲಿ ಅದೇ ಥರದ ರಿಲೇ ಹುಡುಕಿದೆ, ಸಿಗಲಿಲ್ಲ, ಬೇರೆ ತಂದೆ. ಅದೇ ವಾರ್ನಿಷ್, ಅದೇ ಟೇಪ್. ಆರು ತಿಂಗಳಲ್ಲಿ ನಾಲ್ಕು ಸುತ್ತಿದೆ. ಒಂದು ಗೊಗ್ಗರಾಗಿತ್ತು, ಒಂದು ಡಬ್ಬ ಬಡಿದ ಹಾಗೆ, ಉಳಿದೆರಡಕ್ಕೆ ಸದ್ದಿತ್ತು ಅಷ್ಟೇ. ಎಣಿಸುವ ಯಂತ್ರ ಈಗ ಸರಿಯಿದೆ, ಕೈಗೆ ಅನುಭವ ಹೆಚ್ಚಿದೆ, ಆದರೂ ಆಗಲಿಲ್ಲ. ನಾಲ್ಕನೆಯದು ಕೇಳಿದ ಮೇಲೆ, ಕೆಂಪು ಬೇಸಿನದನ್ನು ನಿಜವಾಗಿ ನಾನೇ ಸುತ್ತಿದ್ದೆನೇ ಎಂದು ಒಂದು ಗಳಿಗೆ ನನಗೇ ಅನುಮಾನ ಬಂತು. ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತೆ.

ಹೋದ ತಿಂಗಳು ಬಾಯಾರು ಅಂಗಡಿಗೆ ಬಂದರು. ಹೆಗಲಲ್ಲಿ ಕೆಂಪು ಬೇಸ್. ಈ ಕಡೆ ತೆಳು ಬೆಸುಗೆ ಮಾಡುವವರು ಬೇರೆ ಯಾರೂ ಇಲ್ಲ, ಅದಕ್ಕೆ ಬಂದಿರಬೇಕು.

‘ವೈರ್ ಚುಚ್ಚೋ ಜಾಗಾ ಕರಕರ ಅನ್ನಾಕ ಹತ್ತೈತ್ರಿ. ಅಷ್ಟ ನೋಡ್ರಿ. ಪಿಕಪ್ಪಿಗೆ ಕೈ ಹಚ್ಚಬ್ಯಾಡ್ರಿ’ ಎಂದರು. ಸ್ಟೂಲನ್ನು ನನ್ನ ಮಗ್ಗುಲಿಗೆ ಎಳೆದುಕೊಂಡು, ಕೆಲಸ ಮುಗಿಯುವವರೆಗೆ ನನ್ನ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಎರಡು ಸಲ ಬೆಸುಗೆ ತಪ್ಪಿತು. ಮೂರನೆಯ ಸಲ ಕೂತಿತು.

ನನ್ನ ಹಳೆಯ ಸ್ಪೀಕರಿಗೆ ಹಚ್ಚಿ ಅವರು ನುಡಿಸಿದರು. ಕಾಕಾ ಮೀಟಿದ ದಿನದ ಸದ್ದೇ. ಅಲ್ಲ, ಅದಕ್ಕಿಂತ ಚೆನ್ನಾಗಿತ್ತು, ಅವರ ಕೈ ಅಂಥದು. ನನ್ನ ನಾಲ್ಕು ತಿರಸ್ಕೃತ ಪಿಕಪ್ಪುಗಳು ಅಲ್ಲೇ ಡಬ್ಬಿಯಲ್ಲಿದ್ದವು. ಬಾಯಾರು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದರು.

‘ಅಣ್ಣಾರ, ಇದು ನೀವು ಸುತ್ತಿದ್ದು ಅಂತ ಇನ್ನೂ ಅಂತೀರೇನ್ರಿ?’

ನನ್ನ ಬಾಯಿಗೆ ಹೌದು ಬಂದಿತ್ತು. ಆದರೆ ಅವರ ಮುಖ ನೋಡಿದೆ. ಅವರು ನನ್ನನ್ನು ಹಂಗಿಸಲು ಕೇಳಿದ್ದಲ್ಲ. ಪುಣೆಗೆ ಹೋದ ಬೇಸ್ ವಾಪಸ್ ಬರುವುದಿಲ್ಲವೆಂದು ಅವರಿಗೆ ಗೊತ್ತು. ಇದು ಒರಿಜಿನಲ್ ಅಲ್ಲವೆಂದರೆ ಅವರ ಕೈಯಲ್ಲಿ ಉಳಿಯುವುದೇನು? ಇಷ್ಟು ದಿನ ಅದೇ ಪ್ರಶ್ನೆ ಅವರನ್ನು ಕೊರೆದಿರಬೇಕು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

‘ಇಲ್ರಿ ಬಾಯಾರ’ ಎಂದೆ. ‘ಅವತ್ತ ಆಸೆಬುರುಕತನದಾಗ ಅಂದಿದ್ದೆ. ನನ್ನ ಕೈಲೆ ಇಂಥಾದ್ದ ಎಲ್ಲಿ ಆಗತೈತ್ರಿ.’

ಅವರ ಭುಜ ಸಡಿಲಾದದ್ದು ನನಗೆ ಕಂಡಿತು. ‘ಹೋಗ್ಲಿ ಬಿಡ್ರಿ ಅಣ್ಣಾರ’ ಎಂದು ನಕ್ಕು, ನನ್ನನ್ನು ಕ್ಷಮಿಸಿ, ಬೇಸನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.