ಬಂಕರಿನಲ್ಲಿ ಸಿಕ್ಕ ಕೆಂಪು ಸಲಿಕೆ

ಶಕುಂತಲಾ ಗಾಲ್ಫ್ ಆಡುತ್ತಾರೆ ಎಂದರೆ ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ನಮ್ಮ ಕನ್ನಡದವರು ಈಗಲೂ ನಗುತ್ತಾರೆ. ನಗಲಿ. ಹಬ್ಬಕ್ಕೆ ಆಕೆ ಮಾಡುವ ಹೋಳಿಗೆಯನ್ನು ನಾಚಿಕೆಯಿಲ್ಲದೆ ಮತ್ತೆ ಮತ್ತೆ ಹಾಕಿಸಿಕೊಳ್ಳುವವರೂ ಅವರೇ.

ಗಾಲ್ಫಿನ ಹುಚ್ಚು ಮೊದಲು ಹತ್ತಿದ್ದು ಅವರ ಯಜಮಾನರು ಲಿಂಗರಾಜರಿಗೆ. ಲಾರಿ ಕಾರ್ಖಾನೆಯ ಸಹೋದ್ಯೋಗಿಗಳ ಜೊತೆ ಒಂದು ಬೇಸಿಗೆ ಆಡಿದರು, ಸೊಂಟ ಹಿಡಿಯಿತು, ಬಿಟ್ಟರು. ಜೊತೆಗೆ ಹೋಗಿದ್ದ ಹೆಂಡತಿ ಬಿಡಲಿಲ್ಲ. ಇಲ್ಲಿ ಮೈದಾನಕ್ಕೆ ಇಳಿಯುವ ಮೊದಲು ನಿಯಮಗಳ ಪರೀಕ್ಷೆ ಬೇರೆ ಪಾಸಾಗಬೇಕು. ಸ್ವೀಡಿಷ್‌ನಲ್ಲೇ ಓದಿ ಅದನ್ನೂ ಮುಗಿಸಿದರು. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಅಷ್ಟು ವರ್ಷ ದುಡಿದರೂ ಅವರಿಗೆ ಸಿಕ್ಕಿದ್ದ ಸ್ನೇಹವೆಲ್ಲ ಫಿಕಾ ಎನ್ನುವ ಬಿಡುವಿನ ಹೊತ್ತಿನ ಒಂದು ಲೋಟ ಕಾಫಿಯಷ್ಟೇ. ಈ ಗಾಲ್ಫ್ ಕ್ಲಬ್ಬಿನಲ್ಲಿ ಮಾತ್ರ ಹೆಂಗಸರು ಕರೆದು ಮಾತಾಡಿಸುತ್ತಿದ್ದರು.

ಆದರೆ ಆಕೆಯದು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಬೆಳೆದ ಕೈ. ಗಾಲ್ಫ್ ಮೈದಾನದಲ್ಲಿ ಬಂಕರ್ ಎಂದು ಬೇಕೆಂದೇ ಮರಳು ತುಂಬಿಸಿಟ್ಟ ಗುಂಡಿಗಳಿರುತ್ತವೆ. 2016ರ ಒಂದು ಪಂದ್ಯದಲ್ಲಿ ಅಂಥದೊಂದರಲ್ಲಿ ಚೆಂಡು ಬಿತ್ತು. ಪಕ್ಕದಲ್ಲಿ ಒಂದು ಪೈನ್ ಕಾಯಿ ಬಿದ್ದಿತ್ತು. ಕೈ ಸುಮ್ಮನಿರಲಿಲ್ಲ, ಆರಿಸಿ ಆಚೆ ಎಸೆಯಿತು. ಮರದಿಂದ ಬಿದ್ದದ್ದನ್ನು ಬಂಕರಿನಲ್ಲಿ ತೆಗೆಯುವಂತಿರಲಿಲ್ಲ. ದಂಡವಾಗಿ ಆ ಹೋಲ್, ಅಂದರೆ ಚೆಂಡನ್ನು ಒಂದು ಗುಳಿಗೆ ಹಾಕುವ ಆ ಸುತ್ತು, ಹೋಯಿತು, ಪಂದ್ಯ ಹೋಯಿತು, ಕ್ಲಬ್ಬಿನ ತಂಡದಲ್ಲಿ ಸಿಗಬೇಕಿದ್ದ ಜಾಗವೂ ಹೋಯಿತು. 2019ರಿಂದ ಆ ನಿಯಮವನ್ನೇ ಕೈಬಿಟ್ಟಿದ್ದಾರೆ. ಸ್ವಲ್ಪ ಮುಂಚೆ ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತೋ!

ಮರುವರ್ಷ, 2017ರಲ್ಲಿ, ತಂಡದ ಪಂದ್ಯ ಉಪ್ಸಾಲಾದಲ್ಲಿ ಎಂದು ಗೊತ್ತಾಯಿತು. ಮಗಳು ಅವನಿ ಓದುತ್ತಿದ್ದುದು ಅಲ್ಲೇ. ಅಮ್ಮ ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ತಂಡದಲ್ಲಿ ಬಂದರೆ ಖಂಡಿತ ನೋಡಲು ಬರುತ್ತೇನೆ ಎಂದು ಫೋನಿನಲ್ಲಿ ಎಂದಿನಂತೆ ಸ್ವೀಡಿಷ್‌ನಲ್ಲಿ ಹೇಳಿದಳು. ತನಗೆ ಅಡುಗೆಮನೆ, ಲ್ಯಾಬು ಬಿಟ್ಟರೆ ಇನ್ನೊಂದು ಗೊತ್ತಿಲ್ಲ ಎಂದು ಮಗಳು ತಿಳಿದುಬಿಟ್ಟಿದ್ದಾಳೆ ಎನ್ನುವುದು ಶಕುಂತಲಾ ಅವರ ಒಳಗಿನ ಕೊರಗು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕಾಗಿ ಮೈ-ಬ್ರಿಟ್ ಎಂಬ ನಿವೃತ್ತ ನರ್ಸ್ ಜೊತೆ ಆಡಿ ಗೆಲ್ಲಬೇಕಿತ್ತು. ಆಕೆ ಬಹಳ ವರ್ಷಗಳಿಂದ ತಂಡದಲ್ಲಿದ್ದವರು.

ಅಂದು ಚೀಲ ಹೊರಲು ನಾನು ಹೋಗಿದ್ದೆ. ಪಕ್ಕದ ಮನೆಯವಳು ಎನ್ನುವುದೇ ನನ್ನ ಅರ್ಹತೆ. ಕೊನೆಯ ಹೋಲಿಗೆ ಬಂದಾಗ ಇಬ್ಬರೂ ಸಮಸಮ. ಶಕುಂತಲಾ ಹೊಡೆದ ಚೆಂಡು ನೇರ ಬಂಕರಿಗೆ ಹೋಯಿತು. ಹೋಗಿ ನೋಡಿದರೆ, ಯಾವುದೋ ಮಗು ಆಡಿ ಬಿಟ್ಟುಹೋದ ಕೆಂಪು ಪ್ಲಾಸ್ಟಿಕ್ ಸಲಿಕೆ ಮರಳಲ್ಲಿ ಸಿಕ್ಕಿಕೊಂಡು ನಿಂತಿದೆ. ಚೆಂಡು ಅದಕ್ಕೇ ಒರಗಿ ಕೂತಿದೆ.

"ತೆಗೆದು ಹಾಕಿ ಅದನ್ನ," ಎಂದೆ.

"ಬೇಡ ಕಾಂಚನಾ. ಹೋದ್ ವರ್ಷ ತೆಗ್ದೇ ಅಲ್ವಾ ಹಾಳಾಗಿದ್ದು? ಹಿಂದಕ್ಕೆ ಹೊಡೆದು ಆಚೆ ತರ್ತೀನಿ, ಆಮೇಲೆ ಏನಾಗುತ್ತೋ ಆಗ್ಲಿ."

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಹಿಂದಕ್ಕೆ ಹೊಡೆದರೆ ಸೋಲು ಖಂಡಿತ ಎಂದು ಆಟ ಬಾರದ ನನಗೂ ಗೊತ್ತಾಗುತ್ತಿತ್ತು. ಮೈ-ಬ್ರಿಟ್ ಚೆಂಡು ಆಗಲೇ ಗುಳಿಯ ಗುರುತಿಗೆ ನೆಟ್ಟ ಬಾವುಟದ ಹತ್ತಿರ ಇತ್ತು. ಆಕೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಜಾಗ ಆಕೆಯದೇ. ನಿಯಮ ಗೊತ್ತಿದ್ದೂ ಸುಮ್ಮನೇ ಇರುತ್ತಾಳೆ ನೋಡು ಎಂದು ನಾನು ಮನಸ್ಸಿನಲ್ಲೇ ಬೈಯಲು ಶುರುಮಾಡಿಬಿಟ್ಟಿದ್ದೆ.

ಶಕುಂತಲಾ ಹಿಂದಕ್ಕೆ ತಿರುಗಿದ್ದು ಕಂಡು ಆಕೆ ಬಂಕರಿನ ಅಂಚಿಗೆ ನಡೆದು ಬಂದು ಸ್ವೀಡಿಷ್‌ನಲ್ಲಿ ಹೇಳಿದರು. "ನಿಲ್ಲು ಶಕುಂತಲಾ. ಅದು ಮನುಷ್ಯರು ಮಾಡಿದ ವಸ್ತು, ಪೈನ್ ಕಾಯಿ ಅಲ್ಲ. ತೆಗೆಯಬಹುದು. ದಂಡ ಇಲ್ಲ."

ಶಕುಂತಲಾ ಎರಡು ಬೆರಳಲ್ಲಿ ಸಲಿಕೆ ಎತ್ತಿದರು. ಆಸರೆ ತಪ್ಪಿದ ಚೆಂಡು ಉರುಳಿತು. ಸಲಿಕೆ ಹಿಡಿದೇ ಅವರು ಗಾಬರಿಯಿಂದ ಮೈ-ಬ್ರಿಟ್ ಕಡೆ ತಿರುಗಿದರು.

"ಉರುಳಿದರೆ ಉರುಳಲಿ," ಎಂದರು ಮೈ-ಬ್ರಿಟ್. "ಮೊದಲು ಎಲ್ಲಿತ್ತೋ ಅಲ್ಲೇ ಇಡು. ಅದಕ್ಕೂ ದಂಡ ಇಲ್ಲ."

ಇಟ್ಟರು, ಹೊಡೆದರು. ಮರಳಿನ ಜೊತೆ ಹಾರಿದ ಚೆಂಡು ಬಾವುಟದ ಬುಡದಲ್ಲಿ ನಿಂತಿತು. ಮೈ-ಬ್ರಿಟ್ ಹೊಡೆತ ಕೂದಲೆಳೆಯಷ್ಟು ತಪ್ಪಿತು. ಶಕುಂತಲಾ ಮೆಲ್ಲಗೆ ತಟ್ಟಿ ಚೆಂಡನ್ನು ಗುಳಿಗೆ ಹಾಕಿ ಗೆದ್ದರು, ಆದರೆ ಗೆದ್ದವರ ಹಾಗೆ ನಗಲಿಲ್ಲ. ಯಾಕೆ ಹೇಳಿದೆ, ಜಾಗ ನಿನ್ನದಾಗುತ್ತಿತ್ತಲ್ಲ ಎಂದು ಕೇಳಿದರು. ಮೈ-ಬ್ರಿಟ್ ಕೈಗವಸು ಬಿಚ್ಚುತ್ತ, "ನಿಯಮ ನಿನಗೂ ಸೇರಿದ್ದೇ," ಎಂದಷ್ಟೇ ಹೇಳಿ ಕಾಫಿ ಕುಡಿಯಲು ನಡೆದರು. ಮನಸ್ಸಿನಲ್ಲೇ ಆಕೆಯನ್ನು ಬೈದುಕೊಂಡಿದ್ದ ನಾನು ಚೀಲ ಎತ್ತಿಕೊಂಡು ಹಿಂದೆ ನಡೆದೆ.

ಉಪ್ಸಾಲಾಕ್ಕೂ ಆಕೆ ಬಂದರು, ಶಕುಂತಲಾ ಅವರ ಚೀಲದ ಟ್ರಾಲಿ ಎಳೆಯಲು. ನೋಡಲೆಂದು ಹೋಗಿದ್ದ ನನಗೆ ಚೀಲ ಹೊರುವ ಕೆಲಸ ತಪ್ಪಿತು, ಸಂತೋಷವೇ. ಅವನಿ ಮಾತು ತಪ್ಪದೆ ಬಂದು, ಮೊದಲ ಹೋಲಿನಿಂದ ಕೊನೆಯವರೆಗೂ ಹಿಂದೆ ಹಿಂದೆಯೇ ನಡೆದಳು. ಅಮ್ಮ ಹೊಡೆದಾಗೆಲ್ಲ ಚೆಂಡು ಹೋದ ಕಡೆಗಿಂತ ಅಮ್ಮನನ್ನೇ ನೋಡುತ್ತಿದ್ದಳು. ಅಂದು ಶಕುಂತಲಾ ಸೋತರು. ಯಾರಿಗೂ ಬೇಜಾರಾದಂತೆ ಕಾಣಲಿಲ್ಲ.

ಆಟ ಮುಗಿದ ಮೇಲೆ ಮಗಳಿಗೆ ಪರಿಚಯ ಮಾಡಿಕೊಡಲು ಹೋಗಿ ಶಕುಂತಲಾ ತಡವರಿಸಿದರು. ಈ ದೇಶದಲ್ಲಿ ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅಲ್ಲಿಯವರೆಗೆ ಮೈ-ಬ್ರಿಟ್ ಅವರನ್ನು ಶಕುಂತಲಾ ಕೂಡ ಹಾಗೇ ಕರೆಯುತ್ತಿದ್ದರು. ಅಂದು ಮಾತ್ರ ಬರೀ ಹೆಸರು ಬಾಯಿಗೆ ಬರಲಿಲ್ಲ.

"ಅವನಿ, ಸಲಿಕೆ ತೆಗಿ ಅಂದಿದ್ದು ಇವ್ರೇ. ಇವ್ರು ನಿಂಗೆ ದೊಡ್ಡಮ್ಮ ಆಗ್ಬೇಕು."

ಏನಂದರು ಎಂದು ಮೈ-ಬ್ರಿಟ್ ಅವನಿಯ ಮುಖ ನೋಡಿದರು. ಅಮ್ಮನ ಅಕ್ಕ ಎಂದು ಅವನಿ ಸ್ವೀಡಿಷ್‌ನಲ್ಲಿ ಬಿಡಿಸಿ ಹೇಳಿದಳು. ಆ ಹಿರಿಯ ನರ್ಸ್ ಶಕುಂತಲಾ ಅವರ ಕೈ ಹಿಡಿದುಕೊಂಡರು.

ಅವನಿ ಟ್ರಾಲಿಯನ್ನು ತಾನೇ ಎಳೆದುಕೊಂಡು, ಮನೆಯಲ್ಲೂ ಆಡದ ಕನ್ನಡದಲ್ಲಿ, "ಬನ್ನಿ ದೊಡ್ಡಮ್ಮ, ಕಾಫಿ ಕುಡಿಯೋಣ," ಎಂದಳು.