ಬೋನಿನೊಳಗಿನ ಎರಡು ಮೋಡ

ನನ್ನ ಸೊಸೆಯ ಎಡ ಅಂಗೈ ತುಂಬ ಯಾವಾಗಲೂ ಪೆನ್ನಿನ ಚುಕ್ಕೆಗಳು. ಎಷ್ಟು ಪಾತ್ರೆ ತೊಳೆದರೂ ಹೋಗುತ್ತಿರಲಿಲ್ಲ. ಕಾಗದ ಹುಡುಕುವಷ್ಟು ಪುರುಸೊತ್ತು ನಾನು ಕೊಟ್ಟರೆ ತಾನೇ.

ಅವಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಏನು ಕೆಲಸವೆಂದು ಕೇಳಿದ್ದಕ್ಕೆ "ತಣ್ಣಗೆ ಮಾಡೋದು ಅತ್ತೆ" ಎಂದಿದ್ದಳು. ಮೂರನೇ ಕ್ಲಾಸು ಓದಿದ ನಾನು ಹಾಲು ತಣ್ಣಗೆ ಮಾಡುವುದೆಂದುಕೊಂಡು, ಟೇಕಲ್ ಡೈರಿಯ ಸೆಕ್ರೆಟರಿ ಹತ್ತಿರ ಅವಳಿಗೊಂದು ಕೆಲಸ ಕೇಳಿಬಂದೆ. ಅವಳು ನಗಲಿಲ್ಲ. "ಅಲ್ಲಿ ಅಷ್ಟು ತಣ್ಣಗಾಗಲ್ಲ ಅತ್ತೆ" ಎಂದಳು.

ಕೊಟ್ಟಿಗೆಯಲ್ಲಿ ಜಾರಿ ನಾನು ಸೊಂಟ ಮುರಿದುಕೊಂಡಾಗ ರಜೆ ಹಾಕಿ ಬಂದವಳು ಒಂದೂವರೆ ವರ್ಷ ಇಲ್ಲೇ ಸಿಕ್ಕಿಕೊಂಡಳು. ನಾನು ಮಂಚದಲ್ಲಿ, ಅವಳು ಮಂಚದ ಸುತ್ತ.

ಒಂದು ಸೋಮವಾರ ಅವಳು ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಅವಳ ಮೇಷ್ಟ್ರು ಫೋನು ಮಾಡಿದರು. ಶುಕ್ರವಾರ ಸಂಜೆ ಅವಳ ಕೆಲಸದ ಯಂತ್ರ ಬಿಚ್ಚುತ್ತಾರೆ, ಅಷ್ಟರೊಳಗೆ ಬಂದರೆ ಕೆಲಸ ಮುಗಿಸಬಹುದು, ಕಳಿಸಿ ಎಂದರು. ಹೂಂ ಅಂದೆ. ಅವಳಿಗೆ ಹೇಳಲಿಲ್ಲ. ಅವಳು ಹೋದರೆ ನನ್ನನ್ನು ಎತ್ತಿ ಕೂರಿಸುವವರು ಯಾರು? ಮಗನಿಗೆ ಅದು ಬಾರದು.

ಗುರುವಾರ ಗಂಜಿ ಕುಡಿಸುವಾಗ ಅಂಗೈ ನೋಡಿ, "ಏನೇ ಅದು, ಹಚ್ಚೆ ಹುಯ್ಸಿಕೊಂಡಂಗೆ?" ಎಂದೆ.

"ಪರಮಾಣುಗಳು ಅತ್ತೆ. ಬೆಳಕಿನ ಬೋನಲ್ಲಿ ಎರಡು ಮೋಡ ಹಿಡಿದು ತಣ್ಣಗೆ ಮಾಡ್ತೀವಿ. ಆಮೇಲೆ ಬಿಟ್ರೆ ಹರಡಿ ಒಂದರೊಳಗೊಂದು ಸೇರ್ತವೆ. ಸಿಕ್ಕಿದ ಪರಮಾಣು ಯಾವ ಮೋಡದ್ದು ಅಂತ ಹೇಳಕ್ಕಾಗಲ್ಲ. ಮೊದಲನೇದು ಎಲ್ಲಿ ಬೇಕಾದ್ರೂ ಸಿಗುತ್ತೆ. ಅದು ಸಿಕ್ಕಿದ ಮೇಲೆ ಮುಂದಿನವಕ್ಕೆ ಎಲ್ಲಾ ಜಾಗಾನೂ ಒಂದೇ ಅಲ್ಲ. ಹಂಗೇ ಗೆರೆಗೆರೆ ಆಗುತ್ತೆ."

"ಗೆರೆ ಮೊದಲೇ ಇತ್ತಾ?"

"ಇಲ್ಲ. ನೋಡ್ತಾ ನೋಡ್ತಾನೇ ಹುಟ್ಟೋದು. ಪ್ರತಿ ಸಲವೂ ಬೇರೆ ಜಾಗದಲ್ಲಿ. ಅದನ್ನೇ ನಾನು ತೋರಿಸಬೇಕಾಗಿದ್ದಿದ್ದು."

"ಬೋನಲ್ಲೇ ಇಟ್ರೆ?"

"ಏನೂ ಇಲ್ಲ. ಎರಡು ಮೋಡ, ಅಷ್ಟೇ."

ಬಾಯಿಗೆ ಬಂದ ಬಟ್ಟಲನ್ನು ಕೈಯಿಂದ ತಡೆದೆ. "ಸೋಮವಾರ ನಿನ್ನ ಮೇಷ್ಟ್ರು ಫೋನ್ ಮಾಡಿದ್ರು ಕಣೇ. ನಾಳೆ ಯಂತ್ರ ಬಿಚ್ತಾರಂತೆ."

ಅವಳು ಬಟ್ಟಲು ಕೆಳಗಿಟ್ಟಳು. "ನಿಮ್ಮನ್ನ ಎತ್ತೋರ್ಯಾರು?" ಎಂದಳು.

"ನಿನ್ನ ಗಂಡ ಇದಾನಲ್ಲ, ಕಲೀಲಿ. ನಡಿ."

ಮಧ್ಯಾಹ್ನದ ರೈಲಿಗೆ ಹೋದಳು. ಯಂತ್ರ ಹದಕ್ಕೆ ಬರುವಷ್ಟರಲ್ಲಿ ಶುಕ್ರವಾರವೇ ಮುಗಿಯುತ್ತ ಬಂದಿತ್ತಂತೆ. ಸಿಕ್ಕಿದ್ದು ಒಂದೇ ಪಟ. ಗೆರೆಗಳು ಚೆನ್ನಾಗಿ ಬಂದಿದ್ದವು. ಆದರೆ ಪ್ರತಿ ಸಲವೂ ಬೇರೆ ಜಾಗ ಎಂದು ಒಂದು ಪಟದಲ್ಲಿ ತೋರಿಸಲಾಗುವುದಿಲ್ಲ.

ವಾಪಸ್ಸು ಬಂದು ಆ ಪಟವನ್ನು ನನ್ನ ಮಂಚದ ಎದುರಿನ ಗೋಡೆಗೆ ಅಂಟಿಸಿದಳು. ನಾನು ಫೋನಿನ ವಿಷಯ ಮುಚ್ಚಿಟ್ಟ ಆ ಮೂರು ದಿನದ ಮಾತು ಇವತ್ತಿನವರೆಗೂ ಎತ್ತಿಲ್ಲ. ನನ್ನನ್ನು ಎತ್ತಿ ಕೂರಿಸುತ್ತಾಳೆ, ಗೆರೆಗಳಿಗೆ ಮುಖ ಮಾಡಿ.